ಕೀಲಿಮಣೆಯ ದನಿ

ಮನೆಯಲ್ಲಿ ನೂರು ಸಲ ಓಡಿದ ಪ್ರೋಗ್ರಾಂ ಇಲ್ಲಿ ಯಾಕೆ ಓಡುತ್ತಿಲ್ಲ? ಹೆಸರು ತಪ್ಪಾಗಿ ಹೊಡೆದೆನೇ, ಪೆನ್‌ಡ್ರೈವ್ ಕೆಟ್ಟಿತೇ? ಕುಣಿಗಲ್ಲಿನ ಲೈಬ್ರರಿಯ ಕಂಪ್ಯೂಟರಿನ ಮುಂದೆ ಜಯರಾಮಯ್ಯನವರು ಮೂರನೇ ಸಲ ಅದೇ ಕೆಂಪು ಸಾಲು ಓದಿದರು. ದನಿ ಹೊರಡಿಸುವ 'ವಿನ್‌ಸೌಂಡ್' ಮಾಡ್ಯೂಲ್ ಸಿಗುತ್ತಿಲ್ಲ.

ಆಮೇಲೆ ಹೊಳೆಯಿತು. ಅದು ವಿಂಡೋಸ್‌ನಲ್ಲಿ ಮಾತ್ರ ಇರುವಂಥದ್ದು. ಲೈಬ್ರರಿಯ ಈ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಪ್ರೋಗ್ರಾಂ ಬರೆಯುವ ಮೊದಲು ಅದು ಎಲ್ಲಿ ಓಡಬೇಕು ಅಂತ ಕೇಳಿಕೊಳ್ಳಿ ಎಂದು ಗುಬ್ಬಿಯ ಕಾಲೇಜಿನಲ್ಲಿ ವರ್ಷವರ್ಷವೂ ಹುಡುಗರಿಗೆ ಹೇಳುವವರು, ಹೆಂಡತಿಗಾಗಿ ಬರೆಯುವಾಗ ಕೇಳಿಕೊಂಡಿರಲಿಲ್ಲ.

ಈ ಲೈಬ್ರರಿಯಲ್ಲೇ ಕೆಲಸ ಮಾಡುವ ಹೆಂಡತಿ ಕೌಸಲ್ಯಮ್ಮನ ಕಣ್ಣು ಮಂಜಾಗುತ್ತ ಬಂದಿತ್ತು. ಪುಸ್ತಕಗಳ ಹೆಸರನ್ನು ಕಂಪ್ಯೂಟರಿಗೆ ತಾವೇ ಏರಿಸಬಲ್ಲರೆಂದು ಇವತ್ತು ತಪಾಸಣೆಗೆ ಬರುವ ಅಧಿಕಾರಿಗೆ ತೋರಿಸದಿದ್ದರೆ ಈ ಕುರ್ಚಿ ಬೇರೆಯವರಿಗೆ. ಅದಕ್ಕೇ ಈ ಪ್ರೋಗ್ರಾಂ: ಕೀ ಒತ್ತಿದರೆ ಆ ಅಕ್ಷರ ಜಯರಾಮಯ್ಯನವರ ದನಿಯಲ್ಲಿ ಕೇಳುತ್ತಿತ್ತು. ತುಮಕೂರಿನ ಉಪ್ಪಾರಹಳ್ಳಿಯ ಮನೆಯಲ್ಲಿ ಫ್ಯಾನ್ ಆರಿಸಿ, ಬೆವರುತ್ತ ಒಂದೊಂದೇ ಅಕ್ಷರ ರೆಕಾರ್ಡ್ ಮಾಡಿದ್ದರು. "ಮದ್ವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ನೀವು ಇಷ್ಟು ಮಾತಾಡಿದ್ದು ಇದೇ ಮೊದ್ಲು ಕಣ್ರೀ," ಎಂದು ಆಕೆ ನಕ್ಕಿದ್ದರು.

ಜಯರಾಮಯ್ಯ ಈಗ ಹೆಂಡತಿಯತ್ತ ತಿರುಗಿದರು. "ಓಡ್ತಾ ಇಲ್ಲ ಕಣೇ. ತಪ್ಪು ನಂದೇ. ಬೇರೆ ಥರ ಬರೀಬೇಕು."

"ಸಾಹೇಬ್ರು ಗೇಟಲ್ಲವ್ರೆ ಮೇಡಂ!" ಅಟೆಂಡರ್ ತಿಪ್ಪಯ್ಯ ಕೂಗಿದ.

"ಅಯ್ಯೋ, ಬಿಡಿ. ಪಕ್ಕದಲ್ಲಿ ನಿಂತ್ಕೊಂಡು ನೀವೇ ಹೇಳಿ," ಎಂದರು ಕೌಸಲ್ಯಮ್ಮ.

ಅಧಿಕಾರಿ ಗೋವಿಂದರಾಜು ಹುಬ್ಬೇರಿಸಿದರು. "ಇವರ್ಯಾರು?"

"ನಮ್ಮ ಯಜಮಾನ್ರು ಸಾರ್. ಇವತ್ತು ಅಕ್ಷರ ಹೇಳೋ ಪ್ರೋಗ್ರಾಂ ಕೈಕೊಡ್ತು, ಇವ್ರೇ ಪ್ರೋಗ್ರಾಂ."

ಗೋವಿಂದರಾಜು ನಗು ತಡೆದುಕೊಂಡು ಒಂದು ಪುಸ್ತಕ ಎತ್ತಿ ಓದಿದರು. "ರಾಗಿ ಬೆಳೆಯ ರೋಗಗಳು."

ಆಕೆ ಕಣ್ಣು ಮುಚ್ಚಿಕೊಂಡು ಶುರುಮಾಡಿದರು. ಬೆರಳು ಒತ್ತಿದಂತೆಲ್ಲ ಜಯರಾಮಯ್ಯನವರು ಹೇಳಿದರು: "ರ... ಆ... ಗ..." ಗ ಎನ್ನುವಷ್ಟರಲ್ಲಿ ಬೆರಳು ಮುಂದಿನ ಕೀ ದಾಟಿತ್ತು. ಜಯರಾಮಯ್ಯ ಅವಸರ ಮಾಡಿದರು. ಆದರೂ ಬೆರಳುಗಳೇ ಮುಂದು. ಎಲ್ಲೂ ನಿಲ್ಲಲಿಲ್ಲ, ದನಿಗೆ ಕಾಯಲಿಲ್ಲ. ತೆರೆಯ ಮೇಲೆ ಒಂದಕ್ಷರವೂ ತಪ್ಪಿರಲಿಲ್ಲ.

ಏಳು ಪುಸ್ತಕವಾದ ಮೇಲೆ ಗೋವಿಂದರಾಜು ಸಹಿ ಹಾಕಿದರು. "ಸಾಕು ಮೇಡಂ. ಇಲ್ಲೇ ಇರಿ."

ತುಮಕೂರಿನ ಬಸ್ಸಿನಲ್ಲಿ ಕೌಸಲ್ಯಮ್ಮ ಕಿಟಕಿಯ ಕಡೆ ಕೂತರು. "ಅದನ್ನ ಬೇಗ ಸರಿಮಾಡ್ಕೊಡಿ. ನಿಮ್ಮ ದನಿ ಇಲ್ದೆ ನಂಗೆ ಒಂದಕ್ಷರ ಹೊಡೆಯಕ್ಕಾಗಲ್ಲ."

"ಹೂಂ," ಎಂದರು ಜಯರಾಮಯ್ಯ. ಭಾನುವಾರ ಕೂತು ಲಿನಕ್ಸಿಗೆ ಹೊಂದುವಂತೆ ಬರೆದುಕೊಟ್ಟರು.

ದನಿಗೆ ಕಾಯದ ಆಕೆಯ ಬೆರಳುಗಳನ್ನು ಅವತ್ತು ತಾವು ನೋಡಿದ್ದಾಗಿ ಅವರು ಎಂದೂ ಹೇಳಲಿಲ್ಲ.