ಪಕ್ಕದ ಸೀಟಿನವನು

ಚಿನ್ನಕ್ಕನಿಗೆ ಪಕ್ಕದ ಸೀಟಿನವನ ಮೇಲೆ ಮೊದಲು ಅನುಮಾನ ಬಂದದ್ದು ಅವನು ಕನ್ನಡದಲ್ಲಿ ಮಾತಾಡಿದಾಗ.

ಕ್ವಾಲಾಲಂಪುರದಿಂದ ಚೆನ್ನೈಗೆ ಹೊರಟ ವಿಮಾನ ಅದು. ಮಗಳು ಶಿವಲಕ್ಷ್ಮಿಯ ಬಾಣಂತನ ಮುಗಿಸಿಕೊಂಡು ಚಿನ್ನಕ್ಕ ಒಬ್ಬಳೇ ಊರಿಗೆ ಮರಳುತ್ತಿದ್ದಳು. ಅವಳ ಊರು ಸೇಲಂ ಕಡೆಯ ಕೊಳತ್ತೂರಿನ ಮೇಲಿನ ಬೆಟ್ಟ, ಪಾಲಮಲೆ. ಮನೆಯಲ್ಲಿ, ನೆಂಟರಲ್ಲಿ ಕನ್ನಡ. ಬೆಟ್ಟ ಇಳಿದರೆ ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ತಮಿಳು. ಮನೆಮಾತನ್ನು ಹೊರಗಿನವರ ಬಾಯಲ್ಲಿ ಕೇಳಿ ಅವಳಿಗೆ ರೂಢಿಯಿರಲಿಲ್ಲ. ವಿಮಾನ ಮೋಡದೊಳಗೆ ಹೊಕ್ಕು ಅಲ್ಲಾಡಿದಾಗ ಅವಳು "ಶಿವನೇ" ಎಂದು ತನ್ನಷ್ಟಕ್ಕೆ ಏನೋ ಗೊಣಗಿದಳು. ಅದನ್ನು ಕೇಳಿಸಿಕೊಂಡ ಪಕ್ಕದವನು, ಹೆದರಬೇಡಿ ಅತ್ತೆ, ಗಾಳಿ ಅಷ್ಟೆ ಎಂದ. ಅದೂ ಅವಳದೇ ಧಾಟಿಯಲ್ಲಿ.

ಹೆಸರು ಕಾರ್ತಿಕೇಯನ್ ಅಂತೆ. ಓಮಲೂರಿನ ಹತ್ತಿರದ ಕಡಯಂಪಟ್ಟಿಯವನು. ಮೂವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ಮಲೇಷ್ಯಾಕ್ಕೆ ಯಾಕೆ ಬಂದಿದ್ದೆ ಎಂದು ಚಿನ್ನಕ್ಕ ಕೇಳಿದರೆ ವ್ಯಾಪಾರ ಎಂದ. ಯಾವ ವ್ಯಾಪಾರ ಎಂದು ಕೇಳಿದರೆ ಕಿಟಕಿಯ ಕಡೆ ನೋಡಿದ. ಬಂದು ನಾಲ್ಕು ದಿನವೂ ಆಗಿರಲಿಲ್ಲ, ಕೈಯಲ್ಲಿ ಒಂದೇ ಚಿಕ್ಕ ಚೀಲ. ಅಷ್ಟು ದೂರ ಬಂದವನು ಮನೆಯವರಿಗೆ ಒಂದು ಸೋಪಿನ ಡಬ್ಬವನ್ನೂ ಕೊಂಡಿಲ್ಲವೆಂದರೆ ಚಿನ್ನಕ್ಕನಿಗೆ ಅದು ಸರಿಕಾಣಲಿಲ್ಲ. ವಿಮಾನ ಹತ್ತಿಸುವಾಗ ಮಗಳು ಕಿವಿಯಲ್ಲಿ ಹೇಳಿ ಕಳಿಸಿದ್ದಳು: ಯಾರ ಚೀಲವನ್ನೂ ಮುಟ್ಟಬೇಡ, ಯಾರು ಏನು ಕೊಟ್ಟರೂ ಇಸಕೊಳ್ಳಬೇಡ, ಚೆನ್ನೈಗೆ ಬರುವ ಮಾದಪ್ಪಣ್ಣನ ಕೈಗೆ ಸೀದಾ ಸಿಗು.

ಚೆನ್ನೈ ಹತ್ತಿರ ಬಂದಿರಬೇಕು, ವಿಮಾನ ಇಳಿಯುವ ಬದಲು ಸುತ್ತತೊಡಗಿತು. ಸುತ್ತಿದ್ದೇ ಸುತ್ತಿತು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ತಮಿಳಿನಲ್ಲಿ ಇನ್ನೊಮ್ಮೆ ಹೇಳಿದರು. ಚೆನ್ನೈನಲ್ಲಿ ಪುಯಲ್ ಹೊಡೆಯುತ್ತಿದೆ, ಇಳಿಯಲು ಆಗುವುದಿಲ್ಲ, ಬೆಂಗಳೂರಿಗೆ ಹೋಗುತ್ತಿದ್ದೇವೆ. ಪುಯಲ್ ಎಂದರೆ ಚಂಡಮಾರುತವೆಂದು ಪಾಲಮಲೆಯ ಮಕ್ಕಳಿಗೂ ಗೊತ್ತು. ಜನ ಗೊಣಗಿದರು, ಕೆಲವರು ಗಗನಸಖಿಯರ ಜೊತೆ ವಾದಕ್ಕಿಳಿದರು. ಕಾರ್ತಿಕೇಯನ್ ಮಾತ್ರ ಹೆಗಲ ಟವಲಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅವನು ಗಗನಸಖಿಯನ್ನು ಕರೆದು, ಬೆಂಗಳೂರಿನಲ್ಲಿ ನಮ್ಮನ್ನು ಕೆಳಗಿಳಿಸುತ್ತಾರಾ ಎಂದು ಕೇಳಿದ. ಇಲ್ಲ, ಒಳಗೇ ಕಾದಿದ್ದು ಗಾಳಿ ತಗ್ಗಿದ ಮೇಲೆ ಚೆನ್ನೈಗೆ ಮರಳುತ್ತೇವೆ ಎಂದಳು ಅವಳು. ಅವನು ಉಸಿರು ಬಿಟ್ಟದ್ದು ಚಿನ್ನಕ್ಕನಿಗೆ ಕೇಳಿಸಿತು. ಇಡೀ ವಿಮಾನದಲ್ಲಿ ಇಳಿಯುವುದು ಬೇಡ ಎನ್ನುವವನು ಇವನೊಬ್ಬನೇ ಯಾಕೆ ಎಂದು ಅವಳು ಯೋಚಿಸಿದಳು. ಅಲ್ಲಿಂದ ಮುಂದೆ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಬೆಂಗಳೂರಿನಲ್ಲಿ ಇಳಿದ ವಿಮಾನ ಎಲ್ಲೋ ಮೂಲೆಯಲ್ಲಿ ನಿಂತಿತು. ಬಾಗಿಲು ತೆಗೆಯಲಿಲ್ಲ. ಒಳಗೆ ಸೆಕೆ ಏರಿತು, ಮಕ್ಕಳು ಅತ್ತವು, ಕುಡಿಯುವ ನೀರು ಮುಗಿಯುತ್ತ ಬಂತು. ಹೊರಗೆ ಬಿಸಿಲು ಕಾಣುತ್ತಿತ್ತು. ಇಲ್ಲಿ ಬಿಸಿಲಿರುವಾಗ ಅಲ್ಲೆಂಥ ಗಾಳಿ ಎಂದು ಹಿಂದಿನ ಸಾಲಿನವರು ಸಿಡುಕಿದರು. ಮಧ್ಯಾಹ್ನದ ಹೊತ್ತಿಗೆ ಮತ್ತೊಂದು ಸುದ್ದಿ ಬಂತು. ಪೈಲಟ್‌ಗಳ ಕೆಲಸದ ಹೊತ್ತು ಮುಗಿದಿದೆ, ಚೆನ್ನೈ ತೆರೆಯುವ ಸೂಚನೆಯಿಲ್ಲ. ಎಲ್ಲರೂ ಇಲ್ಲೇ ಇಳಿದು ಪಾಸ್‌ಪೋರ್ಟ್ ತೋರಿಸಿ, ಕಸ್ಟಮ್ಸ್ ಮುಗಿಸಿ ಹೊರಗೆ ಹೋಗಬೇಕು. ಚೆನ್ನೈಗೆ ಹೋಗುವವರಿಗೆ ಬಸ್ಸು ಮಾಡುತ್ತಾರೆ, ಬೇಡದವರು ತಮ್ಮ ದಾರಿ ತಾವು ನೋಡಿಕೊಳ್ಳಬಹುದು.

ಕಾರ್ತಿಕೇಯನ್ ಚೀಲದಿಂದ ಒಂದು ಸ್ಟೀಲಿನ ಫ್ಲಾಸ್ಕ್ ತೆಗೆದ. ಚೀಲದ ಜಿಪ್ಪು ಕಿತ್ತುಹೋಗಿದೆ, ಇದನ್ನು ನಿಮ್ಮ ಚೀಲದಲ್ಲಿ ಹಾಕಿಕೊಳ್ಳಿ ಅತ್ತೆ, ಹೊರಗೆ ಹೋದ ಮೇಲೆ ಇಸಕೊಳ್ಳುತ್ತೇನೆ ಎಂದು ಅವಳ ಮಡಿಲಲ್ಲಿ ಇಟ್ಟೇಬಿಟ್ಟ. ಖಾಲಿ ಫ್ಲಾಸ್ಕ್. ಆದರೆ ತೊಡೆಯ ಮೇಲೆ ಕಲ್ಲಿಟ್ಟ ಹಾಗಿತ್ತು. ಚಿನ್ನಕ್ಕ ಅದನ್ನು ಎರಡೂ ಕೈಯಿಂದ ಎತ್ತಿ ಅವನ ಕಡೆಗೇ ತಳ್ಳಿದಳು.

"ನಿನ್ ಸಾಮಾನು ನೀನೇ ಇಟ್ಕೊ. ನಂಗ್ ಬ್ಯಾಡ."

ಅವನು ನಗಲು ನೋಡಿದ, ಆಗಲಿಲ್ಲ. ಟವಲಿನಲ್ಲಿ ಫ್ಲಾಸ್ಕ್ ಸುತ್ತಿಕೊಂಡು ಹಿಂದಿನ ಬಾತ್‌ರೂಮಿಗೆ ಹೋದ. ಚಿನ್ನಕ್ಕ ಸೀಟಿನಲ್ಲೇ ತಿರುಗಿ ಕೂತು ಆ ಬಾಗಿಲನ್ನೇ ನೋಡುತ್ತಿದ್ದಳು. ಹೊರಬಂದಾಗ ಟವಲು ಹೆಗಲ ಮೇಲಿತ್ತು, ಎರಡು ಕೈಯೂ ಖಾಲಿ, ಅಂಗಿಯ ಎದೆ ಒದ್ದೆ. ಬಂದು ಕೂತವನು ಅವಳನ್ನು ನೋಡಲಿಲ್ಲ.

ಕೆಳಗಿಳಿದ ಮೇಲೆ ಚಿನ್ನಕ್ಕನಿಗೆ ದಿಗಿಲಾಯಿತು. ಗೋಡೆಯ ಮೇಲೆ, ಕಂಬದ ಮೇಲೆ ಬರೆದದ್ದು ಅವಳ ಮನೆಮಾತೇ ಎಂದು ಯಾರೋ ಹೇಳಿದರು. ಆದರೆ ತಮಿಳು ಶಾಲೆಯಲ್ಲಿ ಎರಡನೇ ಕ್ಲಾಸು ಓದಿದವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಖಾಕಿ ತೊಟ್ಟವರು, ಕಸ ಗುಡಿಸುವವರು, ಬಿಳಿ ಅಂಗಿಯ ಆಫೀಸರುಗಳು ಎಲ್ಲರೂ ಕನ್ನಡ ಆಡುತ್ತಿದ್ದರು. ಅಷ್ಟು ಜನ ಅಪರಿಚಿತರು ತನ್ನ ಅಪ್ಪ ಅಮ್ಮ ಆಡಿದ ಮಾತನ್ನು ಆಡುವುದು ಕೇಳಿ ಅವಳಿಗೆ ಧೈರ್ಯವೇನೂ ಬರಲಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

ಕಸ್ಟಮ್ಸಿನಲ್ಲಿ ಕಾರ್ತಿಕೇಯನ್‌ನನ್ನು ನಿಲ್ಲಿಸಿದರು. ಪಾಸ್‌ಪೋರ್ಟಿನ ತುಂಬ ಮುದ್ರೆಗಳಿದ್ದವಂತೆ. ಅವನು ಹಿಂದೆ ತಿರುಗಿ ಚಿನ್ನಕ್ಕನ ಕಡೆ ಕೈ ತೋರಿಸಿದ. ಅವರು ನಮ್ಮತ್ತೆ, ಅವರನ್ನು ಕರೆತರಲು ಹೋಗಿದ್ದೆ ಎಂದ. ಆಫೀಸರ್ ಹೆಂಗಸು ಚಿನ್ನಕ್ಕನ ಹತ್ತಿರ ಬಂದಳು.

"ಅಮ್ಮಾ, ಇವರು ನಿಮಗೆ ಏನಾಗಬೇಕು?"

ಚಿನ್ನಕ್ಕ ಅವನನ್ನು ನೋಡಿದಳು. ಬೆಳಿಗ್ಗೆ ಅವಳ ಸೀಟಿನ ಬೆಲ್ಟು ಹಾಕಿಕೊಟ್ಟವನು, ತನ್ನ ಪಾಲಿನ ನೀರಿನ ಬಾಟಲಿ ಕೊಟ್ಟವನು ಅವನೇ. ಹೌದು ಎಂದರೆ ತಾನು ಅವನ ಜೊತೆಗಾರಳಾಗುತ್ತೇನೆ ಎನ್ನುವುದಷ್ಟೇ ಅವಳಿಗೆ ತಿಳಿಯಿತು.

"ಪಕ್ಕದ ಸೀಟಲ್ಲಿ ಕುಂತಿದ್ದ," ಎಂದಳು. "ಏನೂ ಆಗ್ಬೇಕಿಲ್ಲ."

ಅವನನ್ನು ಒಳಗೆ ಕರೆದುಕೊಂಡು ಹೋದರು.

ಲಗೇಜಿನ ಹತ್ತಿರ ಚಿನ್ನಕ್ಕನಿಗೆ ಸೇಲಂನ ಗೋವಿಂದರಾಜ್ ದಂಪತಿ ಸಿಕ್ಕರು. ಗುಗೈ ಬೀದಿಯ ನೇಕಾರರು, ಅದೇ ವಿಮಾನದಲ್ಲಿ ಬಂದವರು, ಮನೆಯಲ್ಲಿ ಕನ್ನಡ ಆಡುವವರು. ಚೆನ್ನೈಗೆ ಹೋಗಿ ಮತ್ತೆ ಸೇಲಂಗೆ ಬರುವ ಬದಲು ಇಲ್ಲಿಂದಲೇ ಕಾರು ಮಾಡಿಕೊಂಡು ಹೋಗೋಣ ಎಂದರು. ಅವರ ಮೊಬೈಲಿನಿಂದ ಮಗ ಮಾದಪ್ಪನಿಗೆ ಫೋನು ಮಾಡಿದಾಗ, ರೈಲು ರದ್ದಾಗಿ ಅವನೂ ಚೆನ್ನೈಗೆ ಹೊರಟಿರಲಿಲ್ಲ. ಓಮಲೂರಿನಲ್ಲಿ ಕಾಯುವುದಾಗಿ ಹೇಳಿದ. ಗೋವಿಂದರಾಜ್ ಅವರಿಗೂ ಚಿನ್ನಕ್ಕ ಪಾಸ್‌ಪೋರ್ಟು ತೋರಿಸಲಿಲ್ಲ, ಚೀಲ ಎತ್ತಿಕೊಡಲು ಬಿಡಲಿಲ್ಲ.

ಕಾರು ಹೊರಡುವ ಹೊತ್ತಿಗೆ ಕಾರ್ತಿಕೇಯನ್ ಓಡಿಬಂದ. ಏನೂ ಸಿಗದೆ ಬಿಟ್ಟಿದ್ದರು. ನನ್ನನ್ನೂ ಕರೆದುಕೊಂಡು ಹೋಗಿ, ಕಡಯಂಪಟ್ಟಿ ಕ್ರಾಸಿನಲ್ಲಿ ಇಳಿದುಕೊಳ್ಳುತ್ತೇನೆ ಎಂದು ಗೋವಿಂದರಾಜ್ ಅವರನ್ನು ಕೇಳಿಕೊಂಡ. ಒಂದೇ ಕಡೆಯವರು, ಬರಲಿ ಬಿಡಿ ಎಂದು ಅವರು ಒಪ್ಪಿದರು. ಅವನು ಹಿಂದೆ ಸಾಮಾನಿನ ಜೊತೆ ಕೂತಾಗ ಚಿನ್ನಕ್ಕ ತನ್ನ ಚೀಲವನ್ನು ಅಲ್ಲಿಂದ ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು.

ಹೊಸೂರು ದಾಟಿದಾಗಿನಿಂದ ಅವನ ಫೋನು ಬಿಡದೆ ಬಡಿದುಕೊಂಡಿತು. ಅವನು ದನಿ ತಗ್ಗಿಸಿ ತಮಿಳಿನಲ್ಲಿ ಮಾತಾಡುತ್ತಿದ್ದ. ವಿಮಾನದಲ್ಲೇ ಇದೆ ಅಣ್ಣಾ, ಅಲ್ಲೇ ಬಿಟ್ಟೆ, ಬೇರೆ ದಾರಿಯಿರಲಿಲ್ಲ. ನಾನು ಎಲ್ಲಿಗೂ ಓಡಿಹೋಗುತ್ತಿಲ್ಲ, ಊರಿಗೇ ಬರುತ್ತಿದ್ದೇನೆ. ಕೃಷ್ಣಗಿರಿಯಲ್ಲಿ ಮೋಡ ಕವಿದಿತ್ತು. ಧರ್ಮಪುರಿ ಮುಟ್ಟುವಾಗ ತುಂತುರು ಹಿಡಿಯಿತು. ಡ್ರೈವರು ಟೀ ಅಂಗಡಿಯ ಮುಂದೆ ನಿಲ್ಲಿಸಿದ. ಗೋವಿಂದರಾಜ್ ಮತ್ತು ಅವರ ಹೆಂಡತಿ ಒಳಗೆ ಹೋದರು. ಚಿನ್ನಕ್ಕ ಕಾರಿನ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದಳು. ಕಾರ್ತಿಕೇಯನ್ ಎದುರಿಗೆ ಬಂದು ನಿಂತ.

"ಬೆಳಿಗ್ಗೆಯಿಂದ ನನ್ನೇ ನೋಡ್ತಿದ್ರಿ ಅಲ್ವಾ, ಅತ್ತೆ?"

"ನೋಡ್ತಿದ್ದೆ. ನಿನ್ ಮ್ಯಾಲೆ ನಂಬಿಕೆ ಇರ್ಲಿಲ್ಲ."

"ಅದ್ಕೇ ಕೇಳ್ತಾ ಇವ್ನಿ. ನಾನು ಫ್ಲಾಸ್ಕ್ ತಗೊಂಡು ಓಗಿದ್ದು, ಬರಿಗೈಲಿ ಬಂದಿದ್ದು ಕಂಡೋರು ನೀವೊಬ್ರೇ."

ಆಮೇಲೆ ಅವನು ಎಲ್ಲ ಹೇಳಿದ. ಅವನಂಥವರಿಗೆ ಕುರುವಿ ಎನ್ನುತ್ತಾರಂತೆ; ಗುಬ್ಬಚ್ಚಿ ಎಂದು ಅರ್ಥ. ಯಾರದೋ ಚಿನ್ನವನ್ನು ಹೊತ್ತು ಹಾರುವ ಹಕ್ಕಿಗಳು. ಫ್ಲಾಸ್ಕಿನ ತಳದಲ್ಲಿ ಮೆತ್ತಿದ್ದು ಚಿನ್ನದ ಹಿಟ್ಟು. ಚೆನ್ನೈನಲ್ಲಿ ಕಸ್ಟಮ್ಸ್ ದಾಟಲು ಅದಕ್ಕೊಂದು ದಾರಿ ಮಾಡಿಟ್ಟಿದ್ದರು, ಬೆಂಗಳೂರಿನಲ್ಲಿ ಯಾವ ದಾರಿಯೂ ಇರಲಿಲ್ಲ. ಬಾತ್‌ರೂಮಿನ ಕಸದ ಡಬ್ಬಿಯಲ್ಲಿ ತುರುಕಿ ಬಂದಿದ್ದ. ಈಗ ಅದನ್ನು ಕಳಿಸಿದವರು, ಗಾಳಿಮಳೆಯ ನೆಪ ಹೇಳಿ ನೀನೇ ಮಾರಿಕೊಂಡಿದ್ದೀಯ ಎನ್ನುತ್ತಿದ್ದರು. ಕ್ರಾಸಿನಲ್ಲಿ ಇಬ್ಬರು ಕಾಯುತ್ತಿದ್ದಾರೆ. ನೀವು ಕಂಡದ್ದನ್ನು ಅವರಿಗೆ ಹೇಳಿ ಎಂದ.

ಇದೂ ಒಂದು ಆಟವಿರಬಹುದು ಎನ್ನಿಸಿತು ಚಿನ್ನಕ್ಕನಿಗೆ. ಚಿನ್ನವನ್ನು ಇನ್ನೆಲ್ಲೋ ಅಡಗಿಸಿ ತನ್ನನ್ನು ಸಾಕ್ಷಿಗೆ ಎಳೆಯುತ್ತಿರಬಹುದು.

"ನನ್ ಮಡ್ಲಿಗೆ ಇಟ್ಯಲ್ಲ," ಎಂದಳು. "ಆಪೀಸರು ನನ್ನ ಇಡ್ಕೊಂಡಿದ್ರೆ ಏನ್ ಮಾಡ್ತಿದ್ದೆ?"

"ಈಯಮ್ಮ ಯಾರೋ ಗೊತ್ತಿಲ್ಲ ಅಂತಿದ್ದೆ," ಎಂದ.

ಚಿನ್ನಕ್ಕನಿಗೆ ಮೈ ಉರಿಯಿತು. ತೊಟ್ಟಿಲಲ್ಲಿ ಬಿಟ್ಟುಬಂದ ಮೊಮ್ಮಗುವಿನ ಮುಖ ನೆನಪಾಗಿ ಕಣ್ಣು ತುಂಬಿತು. ಆದರೂ ಬೆಳಿಗ್ಗೆಯಿಂದ ಅವನು ಆಡಿದ ಮಾತುಗಳಲ್ಲಿ ಅದೊಂದು ಸುಳ್ಳಲ್ಲ ಎನ್ನುವುದೂ ಅವಳಿಗೆ ಗೊತ್ತಾಯಿತು. ಕಾರು ಹತ್ತಿ ಕೂತಳು.

ತೊಪ್ಪೂರು ಘಾಟಿ ಇಳಿದು ಕಡಯಂಪಟ್ಟಿ ಕ್ರಾಸಿಗೆ ಬರುವಾಗ ಬೆಳಕು ಮಂಕಾಗಿತ್ತು. ಒಂದು ಬೈಕು, ಇಬ್ಬರು ಗಂಡಸರು. ಕಾರು ನಿಂತಿತೋ ಇಲ್ಲವೋ, ಒಬ್ಬ ಕಾರ್ತಿಕೇಯನ್‌ನ ಕಾಲರು ಹಿಡಿದು ಇಳಿಸಿದ. ಇನ್ನೊಬ್ಬ ಗೋವಿಂದರಾಜ್ ಅವರಿಗೆ ನಮಸ್ಕಾರ ಮಾಡಿ, ತಪ್ಪು ತಿಳಿಯಬೇಡಿ, ಎಲ್ಲರ ಪೆಟ್ಟಿಗೆ ಒಂದು ಸಲ ನೋಡಬೇಕು ಎಂದ. ಅವನ ವಿನಯಕ್ಕೇ ಹೆಚ್ಚು ಭಯವಾಗುವಂತಿತ್ತು. ಗೋವಿಂದರಾಜ್ ಪೊಲೀಸರಿಗೆ ಫೋನು ಮಾಡುತ್ತೇನೆ ಎಂದರು, ಆದರೆ ಮೊಬೈಲನ್ನು ಜೇಬಿನಿಂದ ತೆಗೆಯಲಿಲ್ಲ. ಅವರ ಹೆಂಡತಿ ಒಳಗಿನಿಂದ ಬಾಗಿಲು ಹಾಕಿಕೊಂಡರು.

ಚಿನ್ನಕ್ಕ ಇಳಿದಳು. ತನ್ನ ಚೀಲವನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ತಾನೇ ಬಿಚ್ಚಿದಳು. ಮಗುವಿನ ಚಿಕ್ಕದಾದ ಅಂಗಿಗಳು, ಮಗಳು ಕಟ್ಟಿಕೊಟ್ಟ ಹಾಲಿನ ಪುಡಿ ಡಬ್ಬ, ಎರಡು ನೋವಿನ ಮುಲಾಮು. ವಿನಯದವನು ಡಬ್ಬದೊಳಗೆ ಬೆರಳು ಹಾಕಿ ತಿರುವಿದ. ಆಮೇಲೆ ಚಿನ್ನಕ್ಕ ಮಾತಾಡಿದಳು, ತಮಿಳಿನಲ್ಲಿ, ನಿಧಾನವಾಗಿ. ಇವನು ಪಕ್ಕದಲ್ಲಿ ಕೂತಾಗಿನಿಂದ ನನಗೆ ಇವನ ಮೇಲೆ ಅನುಮಾನ. ಅದಕ್ಕೇ ಕಣ್ಣು ತೆಗೆಯಲಿಲ್ಲ. ಫ್ಲಾಸ್ಕನ್ನು ಮೊದಲು ನನಗೆ ಕೊಡಲು ಬಂದ, ನಾನು ಒಲ್ಲೆ ಎಂದೆ. ಟವಲಿನಲ್ಲಿ ಸುತ್ತಿಕೊಂಡು ಬಾತ್‌ರೂಮಿಗೆ ಹೋದ, ಬರುವಾಗ ಕೈಯಲ್ಲಿ ಏನೂ ಇರಲಿಲ್ಲ. ಆಫೀಸರುಗಳು ಇವನ ಮೈಯೆಲ್ಲ ತಡಕಿ ಬಿಟ್ಟರು.

"ಪಾಟ್ಟಿ, ನೀಂಗ ಕಣ್ಣಾಲ ಪಾತ್ತೀಂಗಳಾ?" ಅಜ್ಜೀ, ಕಣ್ಣಾರೆ ನೋಡಿದಿರಾ ಎಂದು ವಿನಯದವನು ಕೇಳಿದ.

ಒಳಗೆ ಏನು ಮಾಡಿದನೆಂದು ನಾನು ನೋಡಿಲ್ಲ, ಹೋದದ್ದು ಬಂದದ್ದು ನೋಡಿದೆ ಎಂದಳು ಚಿನ್ನಕ್ಕ. ಕದಿಯುವವನು ತನ್ನ ಗಂಟನ್ನು ಗುರುತಿಲ್ಲದ ಮುದುಕಿಯ ಕೈಗೆ ಕೊಡಲು ಬರುತ್ತಾನಾ ಎಂದೂ ಕೇಳಿದಳು.

ಅವನು ದೂರ ಹೋಗಿ ಯಾರಿಗೋ ಫೋನು ಮಾಡಿದ. ಮಾತು ಮುಗಿಯುವವರೆಗೂ ಕಾರ್ತಿಕೇಯನ್ ಕೈಕಟ್ಟಿ ಮಳೆಯಲ್ಲಿ ನಿಂತಿದ್ದ. ಕೊನೆಗೆ ಕಾಲರು ಬಿಟ್ಟರು. ನೀವು ಹೊರಡಿ ಎಂದು ಕಾರಿನವರಿಗೆ ಹೇಳಿದರು. ಕಾರ್ತಿಕೇಯನ್ ಊರಿನ ದಾರಿ ಹಿಡಿದು ನಡೆದ. ಬೈಕು ಅವನ ಹಿಂದೆಯೇ, ನಡೆಯುವಷ್ಟೇ ನಿಧಾನವಾಗಿ ಹೊರಟಿತು. ಅದನ್ನು ನೋಡಿ ಚಿನ್ನಕ್ಕನಿಗೆ ಮತ್ತೆ ಸಂಕಟವಾಯಿತು. ಇನ್ನೊಂದು ಗಳಿಗೆ ನಿಲ್ಲಿಸಪ್ಪ ಎಂದು ಡ್ರೈವರನ್ನು ಕೇಳಿದಳು. ಗೋವಿಂದರಾಜ್, ಬೇಡಮ್ಮ, ಹೋಗೋಣ ಎಂದರು. ಓಮಲೂರಿನಲ್ಲಿ ಮಾದಪ್ಪ ಕೊಡೆ ಹಿಡಿದು ನಿಂತಿದ್ದ.

ಪೊಂಗಲ್ ಕಳೆದ ಮೇಲೆ ಒಂದು ಮಧ್ಯಾಹ್ನ ಕಾರ್ತಿಕೇಯನ್ ಪಾಲಮಲೆಗೆ ಹತ್ತಿ ಬಂದ. ಕುರಿಗಳಿಗೆ ನೀರಿಡುತ್ತಿದ್ದ ಚಿನ್ನಕ್ಕ ಅವನನ್ನು ಜಗಲಿಯ ಆಚೆಯೇ ನಿಲ್ಲಿಸಿದಳು. ಹೊಗೆನಕಲ್‌ನಲ್ಲಿ ಸೋದರಮಾವನ ಮೀನು ಹುರಿಯುವ ಅಂಗಡಿಯಲ್ಲಿದ್ದೇನೆ, ಆ ಕೆಲಸ ಬಿಟ್ಟೆ ಎಂದ. ಎಡಗೈಯ ಕಿರುಬೆರಳು ವಾರೆಯಾಗಿ ಕೂಡಿಕೊಂಡಿತ್ತು. ಬೈಕಿನಿಂದ ಬಿದ್ದೆ ಎಂದ; ಅವಳು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಆ ಫ್ಲಾಸ್ಕು ಯಾರಿಗೂ ಸಿಗಲಿಲ್ಲವಂತೆ.

ಅವನು ಒಂದು ಚೀಲ ಬಾಳೆಹಣ್ಣು ತಂದಿದ್ದ. ಚಿನ್ನಕ್ಕ ಅದನ್ನು ಅವನೆದುರೇ ಜಗಲಿಯ ಮೇಲೆ ಸುರಿದು, ಚಿಪ್ಪು ಚಿಪ್ಪಾಗಿ ಎತ್ತಿ ನೋಡಿದಳು. ಅವನು ಬೇಸರಪಟ್ಟುಕೊಳ್ಳಲಿಲ್ಲ.

"ನಿಜವಾಗ್ಲೂ ಅಲ್ಲೇ ಬಿಟ್ಯಾ?" ಎಂದು ಕೇಳಿದಳು.

"ಅಲ್ಲೇ ಬಿಟ್ಟೆ ಅತ್ತೆ."

"ಬಿಟ್ಟಿರ್ಬೋದು, ಬಿಡ್ದೆ ಇರ್ಬೋದು. ನಾನ್ ಕಂಡಿದ್ದ ಏಳ್ದೆ. ಅದ್ಕೆ ನೀನು ಅಣ್ಣು ತರೋದು ಬ್ಯಾಡ."

ಅವನು ಹೊರಡಲು ತಿರುಗಿದ. ಬಿಸಿಲು ನೆತ್ತಿಗೇರಿತ್ತು, ಕೊಳತ್ತೂರಿನವರೆಗೆ ಇಳಿಜಾರು, ದಾರಿಯಲ್ಲಿ ಅಂಗಡಿಯಿಲ್ಲ. ಚಿನ್ನಕ್ಕ ಒಳಗೆ ಹೋಗಿ ತಟ್ಟೆಯಲ್ಲಿ ಮುದ್ದೆಗಟ್ಟಿದ ರಾಗಿ ಕಳಿ, ಮೇಲೆ ಹುರುಳಿ ಸಾರು ಹಾಕಿಕೊಂಡು ಬಂದಳು. ಅವನು ಜಗಲಿಯ ತುದಿಯಲ್ಲಿ ಕೂತು ಉಂಡ. ಉಣ್ಣುವಷ್ಟು ಹೊತ್ತೂ ಅವಳು ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು.