ಹಬ್ಬ ಮುಗಿಯಲಿ

ರಿಸೀವರ್ ಕೆಳಗಿಟ್ಟ ಮೇಲೂ ಗಿರಿಜಾಂಬಾ ಅದರ ಮೇಲಿನ ಕೈ ತೆಗೆಯಲಿಲ್ಲ. ಬೆರಳಿಗೆ ಮೆತ್ತಿದ್ದ ಒಬ್ಬಟ್ಟಿನ ಕಣಕ ಫೋನಿಗೂ ಅಂಟಿತು. ಬೇರೆ ದಿನವಾಗಿದ್ದರೆ ತನ್ನನ್ನೇ ಬೈದುಕೊಳ್ಳುತ್ತ ಒರೆಸುತ್ತಿದ್ದವಳು ಇಂದು ಅತ್ತ ನೋಡಲೂ ಇಲ್ಲ.

"ಯಾರೇ ಅದು?" ನಡುಮನೆಯಿಂದ ಅತ್ತೆ ದೇವಿರಮ್ಮ ಕೇಳಿದರು.

"ಚಂದ್ರಮೌಳಿ ಮೇಷ್ಟ್ರು ಕಣತ್ತೆ. ಗೌರಿ ಹಬ್ಬ ಅಲ್ವಾ, ಸುಮ್ನೆ ಮಾಡಿದ್ರು."

ಮೇಷ್ಟರು ಸುಮ್ಮನೆ ಮಾಡಿರಲಿಲ್ಲ. ಸಿಂಹಳದ ಯುದ್ಧದಿಂದ ಓಡಿಬಂದ ತಮಿಳರಿಗೆ ನೆರವಾಗಲೆಂದು ಸರಸ್ವತಿಪುರಂನ ನಾಲ್ಕಾರು ಮನೆಯವರನ್ನು ಸೇರಿಸಿ ಸಮಿತಿ ಕಟ್ಟಿದವರು ಅವರು. ರಾಮೇಶ್ವರದ ಕಡೆಯ ಶಿಬಿರದಿಂದ ಅವರಿಗೆ ಸುದ್ದಿ ಬಂದಿತ್ತು. ದೋಣಿಯೊಂದು ಮಗುಚಿದೆ. ಗಿರಿಜಾಂಬಾಳ ಹಿತ್ತಲ ಕೋಣೆಯಲ್ಲಿರುವ ತವಮಣಿಯ ಗಂಡ ಅದರಲ್ಲಿದ್ದ. ದಡಕ್ಕೆ ಬಂದ ಹೆಣವನ್ನು ಶಿಬಿರದಲ್ಲಿದ್ದ ಅವನ ಊರಿನವರೇ ಗುರುತು ಹಿಡಿದು ಮಣ್ಣು ಮಾಡಿದ್ದಾರೆ. ಸಭೆಯಲ್ಲಿ ಎದ್ದು ನಿಂತರೆ ಕೂರಿಸುವುದೇ ಕಷ್ಟವಾಗುವಷ್ಟು ಮಾತಾಡುವ ಮೇಷ್ಟರು, "ನೀವು ಹೆಂಗಸರು, ನೀವೇ ನಿಧಾನಕ್ಕೆ ಹೇಳ್ಬುಡಿ ತಾಯಿ" ಎಂದು ಭಾರವನ್ನು ಇವಳ ತಲೆಗೆ ಕಟ್ಟಿದ್ದರು.

"ಹಬ್ಬ ಮುಗೀಲಿ ಮೇಷ್ಟ್ರೇ," ಎಂದಿದ್ದಳು ಗಿರಿಜಾಂಬಾ. "ಇವತ್ತೊಂದಿನ ಅವ್ಳು ಮುತ್ತೈದೆಯಾಗೇ ಬಾಗಿನ ತಗೊಳ್ಳಿ. ನಾಳೆ ನಾನೇ ಹೇಳ್ತೀನಿ."

ತವಮಣಿಯನ್ನು ರೈಲ್ವೆ ಸ್ಟೇಷನ್ನಿನಿಂದ ಕರೆತಂದ ದಿನ ಸಮಿತಿಯವರು ಅವಳಿಗಾಗಿ ಮನೆ ಹುಡುಕಿ ಸುಸ್ತಾಗಿದ್ದರು. ಕಾವೇರಿ ಗಲಾಟೆಯ ಬಿಸಿ ಇನ್ನೂ ಆರಿರಲಿಲ್ಲ. "ತಮಿಳ್ನೋರಾ? ಬೇಡಿ ಕಣ್ರೀ, ನಮಗ್ಯಾಕೆ ಊರ ಉಸಾಬರಿ" ಎಂದು ಒಬ್ಬೊಬ್ಬರೂ ಬಾಗಿಲು ಹಾಕಿಕೊಂಡರು. ಕೊನೆಗೆ ಗಿರಿಜಾಂಬಾ ಅವಳ ಹಣೆಯ ವಿಭೂತಿ, ಅದರ ಕೆಳಗಿನ ಕುಂಕುಮ ನೋಡಿ, "ಅಯ್ಯೋ, ಶಿವನ ಒಕ್ಕಲು, ನಮ್ಮೋರೇ ಅಲ್ವೇನ್ರೀ!" ಎಂದು ಸೌದೆ ತುಂಬಿದ್ದ ಹಿತ್ತಲ ಕೋಣೆಯನ್ನೇ ಖಾಲಿ ಮಾಡಿಸಿಬಿಟ್ಟಳು. ಸೀಮೆಎಣ್ಣೆ ಸ್ಟೋವು, ಎರಡು ಸೀರೆ, ಊದುಬತ್ತಿ ಹೊಸೆಯುವ ಕೆಲಸ, ಎಲ್ಲ ಅವಳೇ ಹೊಂದಿಸಿದ್ದು. ಒಳ್ಳೆಯ ಕೆಲಸ ಮಾಡಿದೆನೆಂಬ ಹೆಮ್ಮೆಯೂ ಅವಳಿಗೆ ಧಾರಾಳವಾಗಿಯೇ ಇತ್ತು.

ತವಮಣಿ ಬೇಗ ಕನ್ನಡ ಕಲಿತಳು. ಕಲಿತ ಮಾತಿನಲ್ಲಿ ಹೆಚ್ಚು ಸಲ ಆಡಿದ್ದು ಒಂದನ್ನೇ: "ಅವರು ಹಿಂದೆ ಬರ್ತೀನಿ ಹೇಳಿದ್ದಾರೆ ಅಮ್ಮಾ. ಬರ್ತಾರೆ." ಫೋನು ಬಡಿದುಕೊಂಡಾಗಲೆಲ್ಲ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೆಳಿಗ್ಗೆ ಅದು ಬಡಿದುಕೊಂಡಾಗ ಅವಳು ಬೀದಿ ನಲ್ಲಿಯ ಹತ್ತಿರವಿದ್ದದ್ದೊಂದು ಪುಣ್ಯ.

ಮಧ್ಯಾಹ್ನಕ್ಕೆ ಬೀದಿಯ ಹೆಂಗಸರು ಬಂದರು. ಗೌರಿಯ ಮುಂದೆ ಬಾಗಿನದ ಮೊರಗಳು ಸಾಲಾಗಿದ್ದವು. ಬಳೆ, ಬಿಚ್ಚೋಲೆ, ರವಿಕೆ ಕಣ, ಬೇಳೆ ಬೆಲ್ಲ ಎಲ್ಲ ಒಪ್ಪವಾಗಿದ್ದವು. ಗಿರಿಜಾಂಬಾಳ ಕೈಯ ತಟ್ಟೆಯಲ್ಲಿ ಎರಡು ಬೆಳ್ಳಿ ಬಟ್ಟಲು, ಒಂದರಲ್ಲಿ ಕುಂಕುಮ, ಇನ್ನೊಂದರಲ್ಲಿ ವಿಭೂತಿ. ಆ ಮನೆಯಲ್ಲಿ ಹಬ್ಬದ ದಿನ ಮೊದಲು ಹಿರಿಯರಾದ ದೇವಿರಮ್ಮನವರ ಹಣೆ ಮುಟ್ಟಬೇಕು. ಗಂಡ ತೀರಿಕೊಂಡವರಾದ್ದರಿಂದ ಅವರಿಗೆ ಬರೀ ವಿಭೂತಿ. ಆಮೇಲೆ ಬಂದ ಮುತ್ತೈದೆಯರಿಗೆಲ್ಲ ಕುಂಕುಮ. ಹಿಂದೊಮ್ಮೆ ಇದನ್ನು ನೋಡಿ ತವಮಣಿ, "ನಮ್ಮ ಊರಲ್ಲೂ ಹೀಗೇ ಅಮ್ಮಾ" ಎಂದಿದ್ದಳು.

ಅವಳು ಸಮಿತಿ ಕೊಟ್ಟ ಹಸಿರು ಸೀರೆಯುಟ್ಟು ಸಾಲಿನ ಕೊನೆಗೆ ಕುಳಿತಿದ್ದಳು. ತಲೆ ತುಂಬ ಹೂವು. ಹಣೆಯಲ್ಲಿ ದೊಡ್ಡ ಕುಂಕುಮ. ಗಿರಿಜಾಂಬಾ ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು ಮುಂದೆ ಸರಿಯುತ್ತಿದ್ದಳು. ನಗಬೇಕು, ಎಲ್ಲರಿಗೆ ಕೊಟ್ಟಂತೆ ಕೊಡಬೇಕು, ಅಷ್ಟೇ ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ತವಮಣಿ ಮುಖವೆತ್ತಿ ಹಣೆಯೊಡ್ಡಿದಳು.

ಕೈಗೆ ಹುಟ್ಟಿದಂದಿನಿಂದ ಒಂದು ರೂಢಿ. ಯಾರ ಹಣೆಗೆ ಏನು ಎಂದು ಅದಕ್ಕೆ ಗೊತ್ತು. ಗಿರಿಜಾಂಬಾಳ ಬೆರಳು ಕುಂಕುಮದ ಬಟ್ಟಲನ್ನು ದಾಟಿ ವಿಭೂತಿಯೊಳಗೆ ಇಳಿಯಿತು. ಅರ್ಧ ದಾರಿಗೆ ಬಂದ ಮೇಲೆಯೇ ತುದಿಯ ಬಿಳುಪು ಅವಳ ಕಣ್ಣಿಗೆ ಬಿದ್ದದ್ದು. ಕೈ ಅಲ್ಲೇ ನಿಂತಿತು.

ತವಮಣಿ ಬೆರಳನ್ನು ನೋಡಿದಳು. ತಿರುಗಿ, ಗೋಡೆಗೊರಗಿ ಕೂತಿದ್ದ ದೇವಿರಮ್ಮನವರ ಹಣೆ ನೋಡಿದಳು.

"ಫೋನ್ ಬಂದಿತ್ತಾ ಅಮ್ಮಾ?"

"ಇಲ್ಲ ಕಣಮ್ಮ, ಅದೇನೋ ಗ್ಯಾನದಲ್ಲಿ..." ಎನ್ನುತ್ತ ಗಿರಿಜಾಂಬಾ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಮುಂದಿನದನ್ನು ಕಣ್ಣೀರೇ ಹೇಳಿಬಿಟ್ಟಿತು. ತನ್ನ ಕೈಯನ್ನು ಕತ್ತರಿಸಿ ಹಾಕಬೇಕೆನ್ನಿಸಿತು ಅವಳಿಗೆ.

ತವಮಣಿ ಅಳಲಿಲ್ಲ. ಮುಂದಿದ್ದ ಮೊರವನ್ನು ಎರಡೂ ಕೈಯಿಂದ, ಒಳಗಿನ ಬಳೆ ಸದ್ದಾಗದಂತೆ, ಪಕ್ಕದವಳ ಕಡೆ ಸರಿಸಿದಳು. ಎದ್ದು ಹಿತ್ತಲಿಗೆ ನಡೆದಳು.

ಹೆಂಗಸರು ಒಬ್ಬೊಬ್ಬರಾಗಿ ಹೊರಟುಹೋದರು. "ಹೋಗೇ, ಅವಳೊಬ್ಳನ್ನೇ ಬುಡಬೇಡ," ಎಂದರು ದೇವಿರಮ್ಮ. ಗಿರಿಜಾಂಬಾಳಿಗೆ ಹಿತ್ತಲ ಬಾಗಿಲು ದಾಟುವ ಧೈರ್ಯ ಬರುವ ಹೊತ್ತಿಗೆ ಸಂಜೆಯಾಗಿತ್ತು.

ತವಮಣಿ ಮಣೆಯ ಮುಂದೆ ಕುಳಿತು ಊದುಬತ್ತಿ ಹೊಸೆಯುತ್ತಿದ್ದಳು. ಹೂವು ತೆಗೆದು ಕಿಟಕಿಯ ಮೇಲಿಟ್ಟಿದ್ದಳು. ಮೊಣಕೈವರೆಗೆ ಇದ್ದಿಲ ಹಿಟ್ಟಿನ ಕಪ್ಪು. ಹಣೆಯ ಕುಂಕುಮ ಮಾತ್ರ ಬೆಳಿಗ್ಗೆ ಇಟ್ಟ ಹಾಗೇ ಇತ್ತು.

"ಹಬ್ಬದ ದಿನ ಇದೆಲ್ಲ ಬೇಡ ಕಣಮ್ಮ. ಏಳು, ಕೈ ಮುಖ ತೊಳ್ಕೋ."

"ಸ್ವಲ್ಪ ಇದೆ ಅಮ್ಮಾ," ಎಂದಳು ತವಮಣಿ ತಲೆಯೆತ್ತದೆ. "ಮುಗಿಸಿ ತೊಳೀತೀನಿ."

ಕಲಸಿದ ಹಿಟ್ಟು ಮುಗಿಯುತ್ತ ಬಂದಿತ್ತು. ಅವಳು ಡಬ್ಬಿ ಬಗ್ಗಿಸಿ ಇನ್ನಷ್ಟು ಪುಡಿ ಸುರಿದುಕೊಂಡು, ನೀರು ಹಾಕಿ, ಎರಡೂ ಕೈಯಿಂದ ಕಲಸತೊಡಗಿದಳು.