ಅಡುಗೆಮನೆಯ ಟಿಕೆಟ್ ಕಿಟಕಿ

ಜಿಲ್ಲೆಯಲ್ಲಿ ಉಳಿದಿರುವ ಹಳೆಯ ರೈಲು ನಿಲ್ದಾಣಗಳು ಯಾವುವು, ಅಳಿದವು ಯಾವುವು ಎಂದು ನೋಡಿಕೊಂಡು ಹೋಗಲು ಅಧಿಕಾರಿಯೊಬ್ಬ ಬರುತ್ತಾನೆಂದು ತಿಳಿದಾಗಿನಿಂದ ಸೊಸೆಗೆ ಕಳವಳ ಹತ್ತಿಕೊಂಡಿತ್ತು. ಅಳಿದದ್ದಕ್ಕೆ ಒಂದು ಕಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಾರೆ, ಆಪತ್ತೇನಿದ್ದರೂ ಉಳಿದದ್ದಕ್ಕೆ. ಪಕ್ಕದ ಊರಿನ ನಿಲ್ದಾಣದಲ್ಲಿ ಸಂಸಾರ ಹೂಡಿದ್ದವರನ್ನು ಎಬ್ಬಿಸಿ, ಸುಣ್ಣ ಬಳಿದು, ವಸ್ತುಸಂಗ್ರಹಾಲಯವೆಂದು ಬೋರ್ಡು ಹಾಕಿ, ಬೀಗ ಜಡಿದಿದ್ದರು. ಈಗ ಆ ಇತಿಹಾಸವನ್ನು ಕಾಪಾಡುತ್ತಿರುವುದು ಆ ಬೀಗವೊಂದೇ.

ಅವಳ ಮನೆಯಂತೂ ಅಡಿಯಿಂದ ಮುಡಿಯವರೆಗೆ ನಿಲ್ದಾಣವೇ. ಹಳಿ ಕಿತ್ತ ವರ್ಷ ಇಲಾಖೆಯವರು ಕಟ್ಟಡವನ್ನೂ ಕೆಡವಿ, ರಾಶಿ ಹಾಕಿ, ಮರೆತುಹೋದರು. ಅಲ್ಲಿ ಟಿಕೆಟ್ ಕೊಡುತ್ತಿದ್ದ ಮಾವ ಯಾರ ಅಪ್ಪಣೆಯನ್ನೂ ಕೇಳದೆ ಕಲ್ಲು, ಬಾಗಿಲು, ಬೆಂಚು ಎಲ್ಲವನ್ನೂ ಕೂಗಳತೆ ದೂರಕ್ಕೆ ಸಾಗಿಸಿ, ಯಾವುದು ಹೇಗಿತ್ತೋ ಹಾಗೇ ಜೋಡಿಸಿ ಮನೆ ಕಟ್ಟಿಸಿದರು. ಅತ್ತೆ ಬದುಕಿರುವತನಕ ಹೆಂಗಸರ ವಿಶ್ರಾಂತಿ ಕೊಠಡಿಯಲ್ಲೇ ಮಲಗಿದರು, ವಿಶ್ರಾಂತಿ ಮಾತ್ರ ಕಾಣಲಿಲ್ಲ. ಟಿಕೆಟ್ ಕಿಟಕಿ ಅಡುಗೆಮನೆಗೆ ಬಂತು. ಅದರ ಹಿಂದಿನ ಎತ್ತರದ ಸ್ಟೂಲು ಮಾವನದು. ಹೊರಗಿನಿಂದ ಯಾರ ತಲೆ ಬಗ್ಗಿದರೂ, ಹಾಲಿನವನೇ ಆಗಲಿ ಬೀಗರೇ ಆಗಲಿ, ಮಾವನ ಬಾಯಿಂದ "ಎಲ್ಲಿಗೆ?" ಎಂದು ಬಂದೇಬಿಡುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇದು ನೌಕರಿಯ ಗುಣ, ಪಿಂಚಣಿ ಬಂದರೂ ಹೋಗಿರಲಿಲ್ಲ.

ಮಾವನ ಆಸೆಯೇ ಬೇರೆ. ತಮ್ಮ ನಿಲ್ದಾಣ ಉಳಿದಿದೆ ಎಂಬ ಮಾತನ್ನು ಸರ್ಕಾರದವರ ಬಾಯಲ್ಲಿ ಒಮ್ಮೆ ಕೇಳಿ ಕಣ್ಣು ಮುಚ್ಚಬೇಕು ಎನ್ನುತ್ತಿದ್ದರು.

"ಕೇಳಿದ್ಮೇಲೆ ನಾವೆಲ್ಲಿ ಮಲಗೋದು ಮಾವ?" ಎಂದು ಸೊಸೆ ಕೇಳಿದ್ದಳು.

ಅಧಿಕಾರಿ ಬಂದ. ಸೊಸೆ ಬೆಂಚು ಕಾಣದಂತೆ ಅದರ ಮೇಲೆ ಹಾಸಿಗೆ ಒಣಹಾಕಿ, ಅವನಿಗೆ ನಿಲ್ದಾಣ ಮೊದಲಿದ್ದ ಎದುರಿನ ಖಾಲಿ ಬಯಲು ತೋರಿಸಿದಳು. ಅವನು ಬಗ್ಗಿ ಬಗ್ಗಿ ಹುಡುಕಿ, ಯಾರೋ ಒಲೆ ಹೂಡಿ ಬಿಟ್ಟುಹೋದ ಇಟ್ಟಿಗೆ ಚೂರು ಕಂಡು, ನಿಲ್ದಾಣದ್ದೇ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ; ಇವನಂತೂ ಆ ಕೂಸಿಗೇ, ಅಂದರೆ ಮನೆಯ ಗೋಡೆಗೇ, ಒರಗಿ ನಿಂತು ಬೆವರು ಒರೆಸಿಕೊಂಡ. ಆಮೇಲೆ ನೀರು ಕೇಳಲು ನೇರವಾಗಿ ಆ ಕಿಟಕಿಗೇ ತಲೆ ಬಗ್ಗಿಸಿದ.

"ಎಲ್ಲಿಗೆ?" ಎಂದರು ಮಾವ.

ಸೊಸೆ ನೀರಿನ ಲೋಟ ಹಿಡಿದು ಕಿಟಕಿಯ ಬಳಿ ಓಡಿಬಂದಳು. ಅಧಿಕಾರಿ ನಕ್ಕು, ತಾನೆಲ್ಲಿಗೂ ಹೊರಟಿಲ್ಲ, ಇಲ್ಲಿದ್ದ ಸ್ಟೇಷನ್ ಹುಡುಕಿಕೊಂಡು ಬಂದವನು ಎಂದ. ಹಿರಿಯರಿಗೆ ಅದನ್ನು ನೋಡಿದ ನೆನಪಿದೆಯೇ ಎಂದೂ ಕೇಳಿದ.

ಮಾವನ ಕೈ, ಚಿಲ್ಲರೆ ಉಜ್ಜಿ ಉಜ್ಜಿ ತಗ್ಗಾದ ಹಲಗೆಯ ಮೇಲಿತ್ತು. ಅವರು ಒಮ್ಮೆ ಸೊಸೆಯ ಮುಖ ನೋಡಿದರು.

"ಇತ್ತು ಸಾರ್, ಈಗಿಲ್ಲ. ಒಂದು ಕಲ್ಲೂ ಉಳಿದಿಲ್ಲ ಅಂತ ಬರ್ಕೊಳ್ಳಿ."

ಅವನು ಬರೆದುಕೊಂಡ. ನೀರು ಕುಡಿದು, ಕಿಟಕಿಯನ್ನು ಇನ್ನಷ್ಟು ದೊಡ್ಡದಾಗಿ ಮಾಡಿಸಿದ್ದರೆ ಅಡುಗೆಮನೆಗೆ ಗಾಳಿಯಾಡುತ್ತಿತ್ತು ಎಂದು ಬುದ್ಧಿ ಹೇಳಿ ಹೋದ.

ಮನೆ ಉಳಿಯಿತೆಂದು ಸೊಸೆಗೆ ಹಿಡಿಸಲಾರದಷ್ಟು ಸಂತೋಷ. ಮಾವ ಮಾತ್ರ ಎದುರಿನ ಬಯಲನ್ನೇ ನೋಡುತ್ತ ಕೂತಿದ್ದರು. ಅವರನ್ನು ನಗಿಸೋಣವೆಂದು ಹೊರಗೆ ಹೋಗಿ, ತಾನೇ ಆ ಕಿಟಕಿಗೆ ತಲೆ ಬಗ್ಗಿಸಿ ಕಾದಳು. ಮಾವ ಎಲ್ಲಿಗೆ ಎಂದು ಕೇಳಲಿಲ್ಲ.

"ಕೌಂಟರ್ ಮುಚ್ಚಿದೆ ಕಣಮ್ಮ" ಎಂದು ಹೇಳಿ, ಹಳಿ ಕಿತ್ತ ದಿನವೂ ಎಳೆಯದಿದ್ದ ಮರದ ಕದವನ್ನು ಮೆಲ್ಲಗೆ ಎಳೆದುಕೊಂಡರು.